ಇಲಾಖಾ ವಿಚಾರಣೆ ಎದುರಿಸುವವರ ಮನಸ್ಸಿಗೆ ಆಸರೆ

ಇಲಾಖಾ ವಿಚಾರಣೆಯ ಪ್ರಸ್ತಾಪ ಆರೋಗ್ಯ ವಿಭಾಗದಲ್ಲೇಕೆ ಎಂದು ಓದುಗರಿಗೆ ಅನ್ನಿಸಬಹುದು. ದೋಷಾರೋಪಣಾ ಪಟ್ಟಿ ಕೈಸೇರಿದ ದಿನದಿಂದಲೇ ನಿದ್ರೆ ಕೆಟ್ಟು, ಹಸಿವು ಅಡಗಿ, ರಕ್ತದೊತ್ತಡ ಏರಿಸಿಕೊಂಡ ಶಿಕ್ಷಕರನ್ನೂ ಗುಮಾಸ್ತರನ್ನೂ ನಾವು ಕಂಡಿದ್ದೇವೆ. ರೋಗವನ್ನು ಬೆಳೆಸುವವುಗಳಲ್ಲಿ ವಿಷಾದವೇ ಅಗ್ರವಾದುದೆಂಬುದು ಚರಕಾಚಾರ್ಯರ ಮತ.

1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಂತೆ ನಡೆಯುವ ವಿಚಾರಣೆಯಲ್ಲಿ ಸಾಮಾನ್ಯವಾಗಿ ವಕೀಲರಿಗೆ ಅವಕಾಶವಿಲ್ಲ. ಆಪಾದಿತರ ಪರವಾಗಿ ಮತ್ತೊಬ್ಬ ಸರ್ಕಾರಿ ನೌಕರರೋ ನಿವೃತ್ತರೋ ರಕ್ಷಣಾ ಸಹಾಯಕರಾಗಿ ನಿಲ್ಲುತ್ತಾರೆ. ಸೇವೆಯಿಂದ ನಿವೃತ್ತರಾದ ಮೇಲೆ ನಾವೂ ಕೆಲವರಿಗೆ ಹಾಗೆ ನಿಂತದ್ದುಂಟು.

ಮೊದಲ ಪ್ರಕರಣದಲ್ಲಿಯೇ ನಾವು ತಪ್ಪಿದೆವು. ಔಷಧ ದಾಸ್ತಾನಿನಲ್ಲಿ ಕೊರತೆ ಕಂಡಿತೆಂದು ಅಮಾನತುಗೊಂಡಿದ್ದ ಶುಶ್ರೂಷಕಿಯೊಬ್ಬರು, “ಡಾಕ್ಟ್ರೇ, ನೌಕರಿ ಹೋಗ್ತದೇನ್ರಿ?” ಎಂದಾಗ, “ಏನೂ ಆಗೂದಿಲ್ಲ ತಂಗಿ” ಎಂದುಬಿಟ್ಟೆವು. ಸಾಕ್ಷಿಯೊಬ್ಬರು ವಿರುದ್ಧವಾಗಿ ನುಡಿದ ದಿನ ಆ ಸಮಾಧಾನವೂ ಹೋಯಿತು, ನಮ್ಮ ಮೇಲಿನ ನಂಬಿಕೆಯೂ ಹೋಯಿತು. ರಜೆಯ ಮೇಲೆ ಹೋಗುವಾಗ ಕಪಾಟಿನ ಕೀಲಿಕೈಯನ್ನು ಬಾಯಿಮಾತಿನಲ್ಲೇ ಬೇರೊಬ್ಬರಿಗೆ ಒಪ್ಪಿಸಿದ್ದ ಸಂಗತಿಯನ್ನು ಆಕೆ ಎರಡು ತಿಂಗಳು ನಮ್ಮಿಂದಲೂ ಬಚ್ಚಿಟ್ಟಿದ್ದರು. “ಹೇಳಿದ್ರ ನೀವೂ ಕೈಬಿಡ್ತೀರಿ ಅಂತ ಅಂಜಿದ್ದೆ ರೀ” ಎಂದರು.

ಮನೋದೋಷಕ್ಕೆ ಚರಕಸಂಹಿತೆ ಸೂಚಿಸುವ ಉಪಾಯಗಳು ಜ್ಞಾನ, ವಿಜ್ಞಾನ, ಧೈರ್ಯ, ಸ್ಮೃತಿ, ಸಮಾಧಿ. ಇಲ್ಲಿ ಧೈರ್ಯವೆಂದರೆ ಗೆಲುವಿನ ಭರವಸೆಯಲ್ಲ. ಅಂದಿನಿಂದ ನಾವು ಫಲಿತಾಂಶದ ಮಾತನ್ನೇ ಆಡುವುದಿಲ್ಲ. ಮುಂದಿನ ದಿನಾಂಕದಂದು ಯಾರು ಕುಳಿತಿರುತ್ತಾರೆ, ಯಾವ ಪ್ರಶ್ನೆ ಬರಬಹುದು, ಯಾವ ದಾಖಲೆಯ ಪ್ರತಿ ಕೇಳಬೇಕು ಎಂಬಷ್ಟನ್ನೇ ತಿಳಿಸುತ್ತೇವೆ. ನಿಜ ಹೇಳಿದರೆ ಕೈಬಿಡುವುದಿಲ್ಲವೆಂದು ಮೊದಲೇ ಮಾತು ಕೊಡುತ್ತೇವೆ. ಅಮಾನತು ಶಿಕ್ಷೆಯಲ್ಲವೆಂಬುದನ್ನೂ, ಆ ಅವಧಿಗೆ ಜೀವನಾಧಾರ ಭತ್ಯೆ ಉಂಟೆಂಬುದನ್ನೂ ಮನೆಯವರ ಎದುರಿನಲ್ಲೇ ವಿವರಿಸುತ್ತೇವೆ. ಅರ್ಧ ಭಯ ಅಡುಗೆಮನೆಯದೇ ಆಗಿರುತ್ತದೆ.

ಭಯಗೊಂಡವರಿಗೆ ನೆನಪು ಕೈಕೊಡುತ್ತದೆ. ಆದ್ದರಿಂದ ಬೆಳಿಗ್ಗೆ ಉಪಾಹಾರದ ನಂತರ ಒಂದು ಗಂಟೆ ಮಾತ್ರ ಕುಳಿತು, ನಡೆದುದನ್ನು ದಿನಾಂಕದ ಕ್ರಮದಲ್ಲಿ ಬರೆಯಿಸುತ್ತೇವೆ. ಬಳಿಕ ಕಡತ ಕಪಾಟಿಗೆ. ರಾತ್ರಿ ಉತ್ತರ ಬರೆಯಕೂಡದು. ವಿಚಾರಣೆಯ ಹಿಂದಿನ ದಿನ ಲಘುವಾದ ಊಟ, ಅಂಗಾಲಿಗೆ ಎಳ್ಳೆಣ್ಣೆ ಸಾಕು. ನಿದ್ರೆಯ ಮಾತ್ರೆಯನ್ನು ತಾವಾಗಿ ನುಂಗಬಾರದು.

“ಬದುಕಿ ಏನು ಮಾಡಲಿ” ಎಂಬ ಮಾತು ಬಂದರೆ ಮಾತ್ರ ಕಡತವನ್ನು ಬದಿಗಿಡಬೇಕು. ಅವರನ್ನು ಒಂಟಿಯಾಗಿ ಬಿಡದೆ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು; ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಆಮೇಲೆ ಬೇಕಾದರೆ ವಿಚಾರಣೆಗೆ ಕಾಲಾವಕಾಶ ಕೋರೋಣ.

ಆ ಶುಶ್ರೂಷಕಿಗೆ ಒಂದು ವಾರ್ಷಿಕ ವೇತನ ಬಡ್ತಿ ತಪ್ಪಿತು, ನೌಕರಿ ಉಳಿಯಿತು. ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾರೆ; ಕೀಲಿಕೈಗೆ ರಸೀದಿ ಪಡೆಯುತ್ತೇನೆಂದು ನಗುತ್ತಾರೆ.