‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’
ಮೂವರ ಆಸನದಲ್ಲಿ ನಾಲ್ಕನೆಯವರು ಸ್ಥಳ ಬೇಡುವಾಗ ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’ ಎಂಬದನ್ನು ನಮ್ಮ ಬಸ್ಸುಗಳಲ್ಲಿ ನಿತ್ಯವೂ ಕೇಳುತ್ತೇವೆ. ಈ ಇಂಗ್ಲಿಷ್ ಶಬ್ದವು ‘ಸಮೀಪ’ ಎಂಬರ್ಥದ ಲ್ಯಾಟಿನ್ ಪದದಿಂದ ಫ್ರೆಂಚಿನ ಮೂಲಕ ಬಂದುದು. ಗಡಿಯಾರವನ್ನು ಸರಿಪಡಿಸುವದಕ್ಕೆ ‘ಅಡ್ಜಸ್ಟ್ ಮಾಡು’ ಸಾಕು. ಮನುಷ್ಯನು ತಾನು ಹೊಂದಿಕೊಳ್ಳುವದಕ್ಕೆ ‘ಮಾಡಿಕೊಳ್ಳು’ ಎನ್ನುತ್ತೇವೆ. ‘ಕೊಳ್ಳು’ ಎಂಬದು ಕಾರ್ಯವನ್ನು ಕರ್ತೃವಿನ ಕಡೆಗೇ ತಿರುಗಿಸುತ್ತದೆ.

ಬಸ್ಸಿನಲ್ಲಿ ಇದು ವಿನಂತಿ: ಮೂವರೂ ತುಸು ಸರಿಯುತ್ತಾರೆ, ಬಂದವರೂ ತುದಿಯಲ್ಲಿ ಕುಳಿತು ತೃಪ್ತರಾಗುತ್ತಾರೆ. ಮದುವೆಯಾದ ಹುಡುಗಿಗೆ ‘ನೀನೇ ಅಡ್ಜಸ್ಟ್ ಮಾಡಿಕೋ’ ಎನ್ನುವಾಗಲಾದರೋ ‘ಸ್ವಲ್ಪ’ ಎಂಬದು ಬಿದ್ದುಹೋಗಿ, ಅವಧಾರಣೆಯ ‘ಏ’ಕಾರವು ಸೇರಿರುತ್ತದೆ, ವಿನಂತಿಯು ಆಜ್ಞೆಯಾಗಿ, ಉಳಿದವರೆಲ್ಲರೂ ಕದಲದೆ ಕುಳಿತಿರುತ್ತಾರೆ.

ಆದಕಾರಣ, ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ತಾಯಿತಂದೆಗಳೇ, ಈ ಮಾತನ್ನು ಆಡುವ ಮೊದಲು ನಾವೂ ಸರಿದಿದ್ದೇವೆಯೇ ಎಂದು ನೋಡಿಕೊಳ್ಳೋಣ.