ರವೆ ಡಬ್ಬಿಯ ಬೂದು ಪತಂಗ

ಜರಡಿ ಹಿಡಿದಷ್ಟೂ ರವೆಯಲ್ಲಿ ಹುಳು, ಅಡುಗೆಮನೆಯ ಗೋಡೆ ಮೇಲೆ ಬೂದು ಬಣ್ಣದ ಪುಟ್ಟ ಚಿಟ್ಟೆ. ಎರಡಕ್ಕೂ ಬೇರೆ ಬೇರೆ ಔಷಧಿ ಬೇಕೇ ಎಂಬುದು ದಾವಣಗೆರೆಯ ಓದುಗರೊಬ್ಬರ ಪ್ರಶ್ನೆ.

ಬೇಡ. ಎರಡೂ ಒಂದೇ ಜೀವಿ: ಅಕ್ಕಿ ಪತಂಗ, ವಿಜ್ಞಾನಿಗಳ ಕಾರ್ಸೈರಾ ಸೆಫಲೋನಿಕಾ. ರೆಕ್ಕೆ ಬಿಚ್ಚಿದರೆ 2 ಸೆಂಟಿಮೀಟರಿನ ಆಸುಪಾಸು. ಪತಂಗ ಏನನ್ನೂ ತಿನ್ನುವುದಿಲ್ಲ. ಕೆಲವೇ ದಿನ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ಹಾಳು ಮಾಡುವುದೆಲ್ಲ ಮರಿಹುಳು. ಅಕ್ಕಿ, ಜೋಳ, ರವೆ, ಕಡಲೆಬೀಜ, ಅದಕ್ಕೆ ಯಾವುದಾದರೂ ಆದೀತು. ಬಾಯಿಂದ ರೇಷ್ಮೆಯ ನೂಲು ತೆಗೆದು ಕಾಳುಗಳನ್ನು ಹೆಣೆದು, ಆ ಗೂಡಿನೊಳಗೇ ಕೂತು ಮೇಯುತ್ತದೆ. ರವೆ ಗಂಟುಗಟ್ಟುವುದು ಅದಕ್ಕೇ.

ಗಂಟು ಕಂಡ ರವೆಯನ್ನು ಎಸೆಯುವುದೇ ಮೇಲು. ಹೊಸದನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಬೇಕು. ಕಪಾಟಿನ ಸಂದಿಗಳನ್ನೂ ಒರೆಸಬೇಕು. ಹುಳು ಕೋಶ ಕಟ್ಟುವುದು ಅಂಥಲ್ಲೇ. ಕೀಟನಾಶಕದ ಮಾತೇ ಬೇಡ.

ತಮಾಷೆಯೆಂದರೆ, ಜೈವಿಕ ನಿಯಂತ್ರಣದ ಪ್ರಯೋಗಾಲಯಗಳು ಇದೇ ಪತಂಗಕ್ಕೆ ನುಚ್ಚು ಜೋಳ ಹಾಕಿ ಸಾಕುತ್ತವೆ! ಅದರ ಮೊಟ್ಟೆಗಳನ್ನು ಕಾರ್ಡಿಗೆ ಅಂಟಿಸಿ, ನೇರಳಾತೀತ ಕಿರಣದಿಂದ ಭ್ರೂಣ ಸಾಯಿಸಿ, ಟ್ರೈಕೊಗ್ರಾಮಾ ಎಂಬ ಅತಿಸಣ್ಣ ಕಣಜಕ್ಕೆ ಒಡ್ಡುತ್ತಾರೆ. ಕಣಜ ಅವುಗಳೊಳಗೆ ತನ್ನ ಮೊಟ್ಟೆಯಿಡುತ್ತದೆ. ಆ ಕಾರ್ಡುಗಳನ್ನು ರೈತರು ಕಬ್ಬಿನ ಎಲೆಗೆ ಸಿಕ್ಕಿಸಿದರೆ, ಹೊರಬಂದ ಕಣಜಗಳು ಕಾಂಡಕೊರಕದ ಮೊಟ್ಟೆ ಹುಡುಕಿಕೊಂಡು ಹೋಗುತ್ತವೆ.