ಗವಾನ್ ಮದರಸಾ ಕಲಿಸಿದ ಪಾಠ

ಔರಾದ್‌ನಲ್ಲಿರುವ ನನ್ನ ನಾನಾ ಅವರ ಮನೆ ಕಲ್ಲು, ಗಾರೆಯಿಂದ ಕಟ್ಟಿದ್ದು. ಮೂರು ವರ್ಷದ ಹಿಂದೆ ಮಾಮು ಅದರ ಗೋಡೆಗಳಿಗೆ ಸಿಮೆಂಟ್ ಗಿಲಾವು ಮಾಡಿಸಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಿಲಾವು ಉಬ್ಬಿ ಉದುರಿತು, ಹಿಂದಿನ ಕಲ್ಲೂ ಪುಡಿಯಾಗತೊಡಗಿತು. ಮನೆ ಕೆಡವೋಣ ಎಂದು ಮಾಮು, ಬೇಡವೇ ಬೇಡ ಎಂದು ನಾನಾ. ಯಾರ ಮಾತು ಸರಿ? ಉತ್ತರ ಹುಡುಕುತ್ತಾ ನಾನು ಬೀದರಿನ ಮಹಮೂದ್ ಗವಾನ್ ಮದರಸಾಕ್ಕೆ ಹೋದೆ.

ಭಾಲ್ಕಿ, ಔರಾದ್ ಕಡೆಯಿಂದ ಬಂದು ಓದುವ ನಮಗೆಲ್ಲ ಈ ಕಟ್ಟಡ ಪರಿಚಿತ. ಇರಾನಿನ ಗೀಲಾನ್‌ನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಗವಾನ್ ಅವರು 1472ರಲ್ಲಿ ಇದನ್ನು ಕಟ್ಟಿಸಿದರು. ಮೂರು ಅಂತಸ್ತು, ನಡುವೆ ತೆರೆದ ಅಂಗಳ, ಸುತ್ತಲೂ ಪಾಠದ ಕೋಣೆಗಳು, ಗ್ರಂಥಾಲಯ, ಮಸೀದಿ, ವಿದ್ಯಾರ್ಥಿಗಳ ವಸತಿ. 1696ರಲ್ಲಿ ಸಿಡಿಮದ್ದು ಸ್ಫೋಟಗೊಂಡು ಒಂದು ಭಾಗ ಕುಸಿಯಿತು. ಮುಂಭಾಗದ ಎರಡು ಮಿನಾರುಗಳಲ್ಲಿ ಇಂದು ಉಳಿದಿರುವುದು ಒಂದೇ.

ಮೊದಲ ಪಾಠ ತಂಪಿನದು. ದಪ್ಪ ಗೋಡೆ ನಿಧಾನವಾಗಿ ಕಾಯುತ್ತದೆ. ಆದ್ದರಿಂದ ಹಗಲಿನ ಬಿಸಿಲು ಒಳಗೆ ಬೇಗ ಮುಟ್ಟುವುದಿಲ್ಲ. ರಾತ್ರಿ ತೆರೆದ ಅಂಗಳದಿಂದ ಬಿಸಿ ಹೊರಹೋಗುತ್ತದೆ. ಇದಕ್ಕೆ ಕರೆಂಟು ಬೇಕಿಲ್ಲ.

ಎರಡನೆಯದು ಸುಣ್ಣದ ಗಾರೆಯದು. ಗಾರೆಯಲ್ಲಿ ಸೂಕ್ಷ್ಮ ರಂಧ್ರಗಳಿವೆ. ಗೋಡೆ ಹೀರಿದ ತೇವ ಅವುಗಳ ಮೂಲಕ ಆವಿಯಾಗಿ ಹೋಗುತ್ತದೆ. ಸಿಮೆಂಟ್ ಈ ದಾರಿ ಮುಚ್ಚುತ್ತದೆ. ಆಗ ತೇವ ಕಲ್ಲಿನಲ್ಲೇ ನಿಂತು, ಅದರೊಳಗಿನ ಲವಣ ಹರಳುಗಟ್ಟಿ ಕಲ್ಲನ್ನು ಒಡೆಯುತ್ತದೆ. ನಾನಾ ಅವರ ಗೋಡೆಗೆ ಆದದ್ದೂ ಇದೇ! ಸುಣ್ಣ ಸುಡಲು ಸುಮಾರು 900 ಡಿಗ್ರಿ ಸೆಲ್ಸಿಯಸ್ ಸಾಕು, ಸಿಮೆಂಟಿಗೆ ಸುಮಾರು 1450 ಬೇಕು. ಗಾರೆ ಗಟ್ಟಿಯಾಗುವಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮರಳಿ ಹೀರಿಕೊಳ್ಳುತ್ತದೆ ಎಂಬುದನ್ನು ರಸಾಯನಶಾಸ್ತ್ರದಲ್ಲಿ ನಾವು ಓದಿದ್ದೇವೆ.

ಮೂರನೆಯದು ನಿರ್ವಹಣೆಯದು. ಮಳೆಗೆ ಮುಂಚೆ ಮಾಳಿಗೆಯ ನೀರಿನ ದಾರಿ ಸ್ವಚ್ಛ ಮಾಡುವುದು, ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿಯನ್ನು ಬೇರು ಇಳಿಯುವ ಮೊದಲೇ ತೆಗೆಯುವುದು ಚಿಕ್ಕ ಕೆಲಸಗಳು. ಬಿಟ್ಟರೆ ದೊಡ್ಡ ದುರಸ್ತಿ, ಹೊಸ ಕಲ್ಲು, ಹೊಸ ಖರ್ಚು.

ಕಾನೂನೂ ಇದೆ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ; ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಆದರೆ ಗೋಡೆಯ ಮೇಲೆ ಹೆಸರು ಗೀಚದಿರಲು, ನೀರಿನ ಬಾಟಲಿ ಎಸೆಯದಿರಲು ನಮಗೆ ಕಾನೂನು ಬೇಕೇ?

ಇದನ್ನೆಲ್ಲ ಮನೆಯಲ್ಲಿ ಹೇಳಿದೆ. ಮಾಮು ಬಹಳ ಹೊತ್ತು ಸುಮ್ಮನಿದ್ದು, "ಒಂದು ಗೋಡೆಗೆ ಮಾಡಿ ನೋಡೋಣ" ಎಂದರು. ಸಿಮೆಂಟ್ ಕಿತ್ತು ಸುಣ್ಣದ ಗಾರೆ ಹಚ್ಚಿಸಿದ್ದೇವೆ. ಈ ಮಳೆಗಾಲ ಆ ಗೋಡೆಗೆ ಪರೀಕ್ಷೆ. ಫಲಿತಾಂಶಕ್ಕಾಗಿ ನಾನಾ ಜೊತೆ ನಾನೂ ಕಾಯುತ್ತಿದ್ದೇನೆ.